ಸುಣ್ಣದ ತಿಳಿಯ ಪಟ್ಟಾಭಿಷೇಕ

ಬಹಳ ಹಿಂದೆ, ಆದರೆ ಪತ್ರಿಕಾಗೋಷ್ಠಿಗಳು ಆಗಲೇ ಬಳಕೆಗೆ ಬಂದಿದ್ದ ಕಾಲದಲ್ಲಿ, ಕುಂಭಾವತಿ ಎಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜಾಧಿರಾಜ ಉದರಾದಿತ್ಯನು ಆಳುತ್ತಿದ್ದನು. ಆಳುವ ಕೆಲಸ ಊಟಗಳ ನಡುವಿನ ಬಿಡುವಿನಲ್ಲಿ ನಡೆಯುತ್ತಿತ್ತು.

ಒಂದು ಬೆಳಿಗ್ಗೆ ಮಹಾರಾಜನಿಗೆ ಎದೆಯುರಿ ಕಾಣಿಸಿಕೊಂಡಿತು. ರಾಜವೈದ್ಯ ಗಿರಿಯಪ್ಪ ಪಂಡಿತನಿಗೆ ನಾಡಿ ಹಿಡಿಯುವ ಮೊದಲೇ ಕಾರಣ ತಿಳಿಯಿತು. ಮಂಚದ ಪಕ್ಕದಲ್ಲಿ ಹೋಳಿಗೆಯ ಬುಟ್ಟಿ ಖಾಲಿಯಾಗಿ ಮಗುಚಿಬಿದ್ದಿತ್ತು. 'ರಾತ್ರಿ ಸ್ವಲ್ಪ ಕಡಿಮೆ ಊಟ ಮಾಡಿ, ಪ್ರಭು' ಎಂಬ ಒಂದೇ ವಾಕ್ಯ ಸಾಕಿತ್ತು. ಆದರೆ ಆ ವಾಕ್ಯವನ್ನು ಹಿಂದಿನ ರಾಜವೈದ್ಯ ಹೇಳಿಯಾಗಿತ್ತು. ಆತ ಈಗ ಗಡಿಯ ಕಾಡಿನಲ್ಲಿ ಗಿಡಮೂಲಿಕೆ ಸಂಶೋಧನಾ ಪೀಠದ ಅಧ್ಯಕ್ಷ. ಪೀಠದಲ್ಲಿ ಆತನನ್ನು ಬಿಟ್ಟರೆ ಕಾಡುಹಂದಿಗಳಿದ್ದವು.

"ಒಡಲಿನಲ್ಲಿ ಆಮ್ಲ ಏರಿದೆ, ಪ್ರಭು," ಎಂದ ಗಿರಿಯಪ್ಪ. ಅಷ್ಟರಮಟ್ಟಿಗೆ ಅದು ನಿಜವೇ.

"ಏರಿಸಿದವರು ಯಾರು?" ಎಂದನು ಮಹಾರಾಜ.

ಇಂಥ ಪ್ರಶ್ನೆಗಳಿಗೆ ಉತ್ತರಿಸುವುದು ಪ್ರಧಾನಿ ತಥಾಸ್ತುರಾಯನ ಖಾತೆಗೆ ಸೇರಿತ್ತು. "ಹುಣಸೆಹಣ್ಣು, ಮಹಾಸ್ವಾಮಿ! ಮೊಸರಿನ ಕೈವಾಡವೂ ಇರುವಂತಿದೆ."

ಸಂಜೆಯೊಳಗೆ ರಾಜಾಜ್ಞೆ ಹೊರಟಿತು. ಹುಳಿಯು ರಾಷ್ಟ್ರದ್ರೋಹಿ. ಹುಣಸೆ, ಮೊಸರು, ಮಜ್ಜಿಗೆ ನಿಷಿದ್ಧ. ಸಾರನ್ನು ಸೊಪ್ಪಿನಿಂದಲೂ ಸದ್ಭಾವನೆಯಿಂದಲೂ ಮಾಡತಕ್ಕದ್ದು. ನಿಂಬೆಗೆ ಮಾತ್ರ ವಿನಾಯಿತಿ. ಅದು ನಾಲಿಗೆಯ ಮೇಲೆ ಹುಳಿ, ಹೊಟ್ಟೆಗಿಳಿದ ಮೇಲೆ ಕ್ಷಾರ ಎಂದು ಮಂತ್ರಿಮಂಡಲವು ಅವಿರೋಧವಾಗಿ ನಿರ್ಣಯಿಸಿತು. ರಾಜ್ಯದ ನಿಂಬೆ ತೋಟಗಳೆಲ್ಲ ತಥಾಸ್ತುರಾಯನವು. ಫಸಲೆಲ್ಲ ಅರಮನೆಗೇ ಮೀಸಲು. ಈ ಇಡೀ ಯೋಜನೆಗೆ 'ಕ್ಷಾರಭಾಗ್ಯ' ಎಂದು ಹೆಸರಿಡಲಾಯಿತು.

"ಯೋಜನೆ ಅಂದಮೇಲೆ ಫಲಿತಾಂಶ ಕಣ್ಣಿಗೆ ಕಾಣಬೇಕು, ಪಂಡಿತರೇ," ಎಂದ ತಥಾಸ್ತುರಾಯ. "ಬಣ್ಣ ಇದ್ದರೆ ಒಳ್ಳೇದು. ಪ್ರಚಾರಕ್ಕೆ ಅನುಕೂಲ."

ಗಿರಿಯಪ್ಪ ಯೋಚಿಸಿ, ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆಯನ್ನು ಸೂಚಿಸಿದ. ಮೂತ್ರದಲ್ಲಿ ಅದ್ದಿದಾಗ ಕೆಂಪಾದರೆ ಕ್ಷಾರ ಗೆದ್ದಿದೆ ಎಂದರ್ಥ. ಅಮಾವಾಸ್ಯೆಯ ದರ್ಬಾರಿನಲ್ಲಿ ಮಹಾರಾಜನ ಬಟ್ಟೆಯನ್ನೇ ಮೊದಲು ಪ್ರದರ್ಶಿಸುವುದೆಂದು ತೀರ್ಮಾನವಾಯಿತು. "ಕೆಂಪಾಗದಿದ್ದರೆ," ಎಂದು ತಥಾಸ್ತುರಾಯ ವಿನಯದಿಂದ ಸೇರಿಸಿದ, "ಸಂಶೋಧನಾ ಪೀಠಕ್ಕೆ ಒಬ್ಬ ಉಪಾಧ್ಯಕ್ಷರು ಬೇಕಾಗಿದ್ದಾರೆ."

ಮನೆಗೆ ಬಂದ ಮೇಲೆಯೇ ಗಿರಿಯಪ್ಪನಿಗೆ ತನ್ನ ಎಡವಟ್ಟು ಹೊಳೆದದ್ದು. ದೇಹ ತನ್ನ ರಕ್ತದ ಹದವನ್ನು ತಾನೇ ಕಾಯ್ದುಕೊಳ್ಳುತ್ತದೆ. ಅದು ರಾಜಾಜ್ಞೆಗೆ ಕಾಯುವುದಿಲ್ಲ. ಸೊಪ್ಪು ತಿಂದರೆ ಹೆಚ್ಚೆಂದರೆ ಮೂತ್ರದ ಗುಣ ಕೊಂಚ ಅತ್ತಿತ್ತ ಸರಿದೀತು. ಅರಿಶಿನವನ್ನು ಕೆಂಪಾಗಿಸುವಷ್ಟು ಸರಿಯುವುದು ಅಪರೂಪ. ಹೋಳಿಗೆ ಬಿಡದ ಮಹಾರಾಜನ ವಿಷಯದಲ್ಲಂತೂ ಆಸೆಯೇ ಇರಲಿಲ್ಲ.

ಹೆಂಡತಿ ಅಚ್ಚಮ್ಮ ಎಲೆಗೆ ಸುಣ್ಣ ಸವರುತ್ತ ನಕ್ಕಳು. "ಆರತಿ ನೀರು ಕೆಂಪು ಮಾಡೋಕೆ ಏನು ಹಾಕ್ತೀವಿ ಹೇಳಿ? ಅರಿಶಿನಕ್ಕೆ ಚಿಟಿಕೆ ಸುಣ್ಣ. ಊರಿಗೆಲ್ಲ ಗೊತ್ತಿರೋ ವಿಷಯ ಅರಮನೇಲಿ ಯಾರಿಗೂ ಗೊತ್ತಿಲ್ವಾ?"

"ಗೊತ್ತಿರುತ್ತೆ ಕಣೆ. ಗೊತ್ತಿದೆ ಅಂತ ಹೇಳೋದು ಯಾರು?" ಎಂದ ಗಿರಿಯಪ್ಪ, ಮತ್ತು ಅವಳ ಸುಣ್ಣದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಅಮಾವಾಸ್ಯೆಯ ದರ್ಬಾರಿನಲ್ಲಿ ಮಹಾರಾಜನ ಬಟ್ಟೆ ದಾಸವಾಳದಂತೆ ಕೆಂಪಾಯಿತು. ಕಹಳೆಗಳು ಮೊಳಗಿದವು. ವಂದಿಮಾಗಧರು ರಾಜಮೂತ್ರವನ್ನು ಕುರಿತು ಸ್ಥಳದಲ್ಲೇ ಕಂದಪದ್ಯ ಕಟ್ಟಿದರು. ಆ ಗದ್ದಲದಲ್ಲಿ ತಥಾಸ್ತುರಾಯ ವೈದ್ಯನ ಮೊಣಕೈ ಹಿಡಿದ. ವೈದ್ಯನ ಬೆರಳ ತುದಿಯಲ್ಲಿ ಅಂಟಿದ್ದ ಬಿಳಿ ಗುರುತು ಅವನ ಕಣ್ಣಿಗೆ ಬಿದ್ದಿತ್ತು.

"ಏನಿದು, ಪಂಡಿತರೇ?"

"ಸು... ಸುಣ್ಣ. ಔಷಧಿಯ ಒಂದು ಅಂಗ, ಸ್ವಾಮಿ."

"ಅಂದರೆ ಪ್ರಭುಗಳಿಗೆ ಗುಣವಾದದ್ದು ಸುಣ್ಣದಿಂದ!"

ಇಲ್ಲ ಎನ್ನಬೇಕಿತ್ತು. ಗಿರಿಯಪ್ಪನ ಕಣ್ಣಮುಂದೆ ಕಾಡುಹಂದಿಗಳು ಸುಳಿದವು. ಅವನು ಹೌದೆಂದು ತಲೆಯಾಡಿಸಿದ. ಮರುದಿನ ಎರಡನೆಯ ರಾಜಾಜ್ಞೆ ಬಂತು: ಸಮಸ್ತ ಪ್ರಜೆಗಳೂ ಪ್ರಾತಃಕಾಲದಲ್ಲಿ ಒಂದು ಲೋಟ ಸುಣ್ಣದ ತಿಳಿಯನ್ನು ಕಡ್ಡಾಯವಾಗಿ ಸೇವಿಸತಕ್ಕದ್ದು. ವಿತರಣೆಯ ಹೊಣೆ ಕೊತ್ವಾಲನದು. ತಿಳಿ ಇಳಿಯುವಷ್ಟು ತಾಳ್ಮೆ ಅವನಿಗಿರಲಿಲ್ಲವಾದ್ದರಿಂದ ಗಸಿಯನ್ನೂ ಕಲಕಿಯೇ ಹಂಚಿದ.

ವಾರ ಕಳೆಯುವಷ್ಟರಲ್ಲಿ ಕುಂಭಾವತಿಯ ಬಾಯಿ ಬೆಂದುಹೋಯಿತು. ಪೇಟೆಯಲ್ಲಿ ಚೌಕಾಸಿ ಕೈಸನ್ನೆಯಿಂದ ನಡೆಯತೊಡಗಿತು. ತಾಯಂದಿರು ಜೋಗುಳ ನಿಲ್ಲಿಸಿದರು. ಹಬ್ಬಕ್ಕೆ ಗೋಡೆಗಳಿಗೆ ಬಳಿಯಲು ಸುಣ್ಣ ಉಳಿದಿರಲಿಲ್ಲ. ಎಲ್ಲವೂ ಜನರ ಗಂಟಲಿಗೆ ಹೋಗಿತ್ತು. ಒಂದು ಬೆಳಿಗ್ಗೆ ಕೊತ್ವಾಲನ ಜನ ವೈದ್ಯನ ಬೀದಿಗೂ ಬಂದರು. ಗಿರಿಯಪ್ಪ ಅರಮನೆಯಿಂದ ಮರಳಿದಾಗ ಅಚ್ಚಮ್ಮ ಗೋಡೆಗೊರಗಿ ಕುಳಿತಿದ್ದಳು. ತುಟಿ ಊದಿತ್ತು.

"ಒಂದ್ ತೊಟ್ಟು ಮಜ್ಜಿಗೆ..." ಎಂದಳು, ಅಕ್ಷರ ಅಕ್ಷರವಾಗಿ. "ನೀವೇ ಅಲ್ವೇನ್ರೀ... ಹೌದು ಅಂದಿದ್ದು?"

ಮಜ್ಜಿಗೆ ಇಡೀ ರಾಜ್ಯದಲ್ಲಿ ಎಲ್ಲಿಯೂ ಇರಲಿಲ್ಲ. ಅವಳ ತುಟಿಗೆ ತುಪ್ಪ ಸವರುವಾಗ ಗಿರಿಯಪ್ಪ ನಿರ್ಧರಿಸಿದ: ಕಾಡಾದರೂ ಸರಿ, ಹಂದಿಯಾದರೂ ಸರಿ, ನಾಳೆ ಆ ವಾಕ್ಯವನ್ನು ಹೇಳಿಬಿಡುತ್ತೇನೆ.

ಮರುದಿನ ಅವನಿಗೇ ಸನ್ಮಾನವಿತ್ತು. 'ಕ್ಷಾರಚೂಡಾಮಣಿ' ಎಂಬ ಬಿರುದು, ಶಾಲು, ಬೆಳ್ಳಿಯ ಸುಣ್ಣದ ಡಬ್ಬಿ. ಗಿರಿಯಪ್ಪ ಮುಂದೆ ಬಂದು ಕೈಮುಗಿದ. "ಪ್ರಭು, ನನ್ನದೊಂದು ಮಾತು..."

"ತಡೆಯಿರಿ, ಪಂಡಿತರೇ," ಎಂದ ತಥಾಸ್ತುರಾಯ. "ಮೊದಲು ಸುಣ್ಣದ ತಿಳಿಯ ಪ್ರಾಶನ. ಶಿಷ್ಟಾಚಾರ."

ಎರಡು ಚಿನ್ನದ ಬಟ್ಟಲು ಬಂದವು. ಮಹಾರಾಜನದರಲ್ಲಿ ನಿಂಬೆಯ ಪಾನಕವಿತ್ತು. ದೂರದಿಂದ ನೋಡುವವರಿಗೆ ಎರಡೂ ಒಂದೇ ಬಣ್ಣ. ಮಹಾರಾಜನು ಚಪ್ಪರಿಸಿ ಕುಡಿದನು. ತುಂಬಿದ ಸಭೆಯೆದುರು ಗಿರಿಯಪ್ಪನೂ ಕುಡಿಯಲೇಬೇಕಾಯಿತು. ಬಟ್ಟಲು ಕೆಳಗಿಟ್ಟು ಬಾಯಿ ತೆರೆದ. ನಾಲಿಗೆ ಏಳಲಿಲ್ಲ. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಅವನು ಹೊಟ್ಟೆಯನ್ನು ತೋರಿಸಿದ, ಕೈಯನ್ನು ಅಡ್ಡಡ್ಡ ಆಡಿಸಿದ, ಮಹಾರಾಜನ ಕಾಲು ಹಿಡಿದ.

"ನೋಡಿದಿರಾ!" ಎಂದನು ಮಹಾರಾಜ, ಗದ್ಗದಿತನಾಗಿ. "ಕೃತಜ್ಞತೆಯಿಂದ ಪಂಡಿತರಿಗೆ ಮಾತೇ ಹೊರಡುತ್ತಿಲ್ಲ."

ಅಂದೇ ನಡೆದ ಕುಂದುಕೊರತೆ ಸಭೆಯಲ್ಲಿ ಪ್ರಜೆಗಳು ಕಿಕ್ಕಿರಿದು ನಿಂತಿದ್ದರೂ ಒಬ್ಬರೂ ಬಾಯಿ ಬಿಡಲಿಲ್ಲ. ರಾಜ್ಯವು ಕುಂದುಕೊರತೆಮುಕ್ತವಾಗಿದೆಯೆಂದು ತಥಾಸ್ತುರಾಯ ಪತ್ರಿಕಾಗೋಷ್ಠಿ ಕರೆದು ಘೋಷಿಸಿದ. ಆ ಸಂತೋಷಕ್ಕೆ ಅರಮನೆಯಲ್ಲಿ ಹೋಳಿಗೆಯ ಊಟವಾಯಿತು.

ಬೆಳಗಾಗುತ್ತಲೇ ಮಹಾರಾಜನಿಗೆ ಮತ್ತೆ ಎದೆಯುರಿ. ಕ್ಷಾರಚೂಡಾಮಣಿಯನ್ನು ಕರೆಸಿದರು. ಅವನು ಬಂದು, ಖಾಲಿ ಬುಟ್ಟಿಯನ್ನು ನೋಡುತ್ತ ಸುಮ್ಮನೆ ನಿಂತ.

"ಪಂಡಿತರ ಮೌನದ ಅರ್ಥ ಸ್ಪಷ್ಟವಾಗಿದೆ, ಮಹಾಸ್ವಾಮಿ," ಎಂದ ತಥಾಸ್ತುರಾಯ. "ಪ್ರಜೆಗಳು ಕುಡಿಯುತ್ತಿರುವುದು ಸಾಲದು."

ಮಧ್ಯಾಹ್ನದಿಂದ ತಲೆಗೆ ಎರಡು ಲೋಟವಾಯಿತು.