ಡಿಪ್ ಇಟ್ಟೀವಿ, ಬರ್ರಿ!

ಹಾರೂಗೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಂಪ್‌ಸೆಟ್ಟಿನ ಬಿಡಿಭಾಗ ಮಾರುತ್ತಿದ್ದೇನೆ. ಕೈಗೆ ಬಂದ ಯಂತ್ರವನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ನೀರು ಹಾಯಿಸಿದ್ದೇನೆ. ಇಂಥವನಿಗೆ ಒಂದು ತಟ್ಟೆ ತಿನಿಸು ಮಾಡುವುದು ಯಾವ ಮಹಾ ಕೆಲಸ? ಹೀಗೆ ನಾನು ಅಂದುಕೊಂಡದ್ದೇ ಮೊದಲ ತಪ್ಪು.

ಕೊಲ್ಲಾಪುರದಲ್ಲಿ ಒಂದು ಆರತಕ್ಷತೆಗೆ ಹೋಗಿದ್ದೆವು. ಅಲ್ಲಿ ಗಾಜಿನ ಅಗಲ ಪಾತ್ರೆಯಲ್ಲಿ ಕುದಿಯುವ ಚೀಸು, ಅದರೊಳಗೆ ತರಕಾರಿ, ಮೇಲೆ ಕೆಂಪಗೆ ಹುರಿದ ಕೆನೆಯಂಥ ಪದರ. ಪಕ್ಕದಲ್ಲಿ ಕುರುಕಲು ಚಕ್ಕೆಗಳು. ಚಕ್ಕೆಯನ್ನು ಅದರಲ್ಲಿ ಅದ್ದಿ ತಿನ್ನಬೇಕು. ಬಡಿಸುವವನನ್ನು ಅದರ ಹೆಸರು ಕೇಳಿದೆ. "ಬೇಕ್ಡ್ ವೆಜ್ ಡಿಪ್, ಸಾಹೇಬ್. ಜೈನ್ ಹೈ" ಎಂದ. ನಾನು ನಾಲ್ಕು ಸಲ ಹಾಕಿಸಿಕೊಂಡೆ. ನನ್ನ ಹೆಂಡತಿ ಪದ್ಮಾ ಎರಡನೇ ಸಲ ಹೋಗುವಷ್ಟರಲ್ಲಿ ಪಾತ್ರೆ ಖಾಲಿ. ಬಸ್ಸಿನಲ್ಲಿ ಬರುವಾಗ ಅವಳು ಮೂರು ಸಲ ಅದನ್ನೇ ನೆನೆಸಿಕೊಂಡಳು. "ಇಂಥಾದ್ದ ಯಾರಾರ ಮಾಡಿ ನನ್ನ ಮುಂದ ತಂದಿಟ್ರ ಎಷ್ಟ ಛಂದ ಇರತೈತಿ!"

ಈ 'ಯಾರಾದರೂ' ನಾನೇ ಆಗಬಾರದೇಕೆ? ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುವ ಶನಿವಾರ ಹತ್ತಿರ ಬರುತ್ತಿತ್ತು. ಅಂದು ಅವಳು ಒಲೆ ಮುಟ್ಟಬಾರದು, ತನ್ನ ಮನೆಯಲ್ಲೇ ಊಟಕ್ಕೆ ಬಂದ ಪಾಹುಣಿಯ ಹಾಗೆ ಕುರ್ಚಿಯ ಮೇಲೆ ಕುಳಿತುಕೊಳ್ಳಬೇಕು, ನಾನು ಡಿಪ್ ತಂದು ಮುಂದೆ ಇಡಬೇಕು. ಇದು ನನ್ನ ಘನವಾದ ಪ್ರತಿಜ್ಞೆ. ಕೇಳಿ ಪದ್ಮಾಳ ಕಣ್ಣು ಹೊಳೆದದ್ದನ್ನು ನಾನೇ ನೋಡಿದ್ದೇನೆ.

ಸಾಕ್ಷಿಗೆಂದು ಸದಲಗಾದಲ್ಲಿರುವ ಅವಳ ಅಕ್ಕ ಕುಸುಮಕ್ಕನನ್ನೂ ಕರೆಯುವುದೆಂದು ಗೊತ್ತುಮಾಡಿದೆ. "ನಿನ್ನ ಗಂಡಗ ಒಂದ ಕಪ್ ಚಹಾ ಕಾಸಾಕ ಬರಂಗಿಲ್ಲ" ಎಂದು ಇಪ್ಪತ್ತೈದು ವರ್ಷದಿಂದ ಹೇಳುತ್ತ ಬಂದವರು ಅವರೇ. ಬಹಳ ಕಟ್ಟುನಿಟ್ಟಿನ ಹೆಂಗಸು. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕುಸುಮಕ್ಕನವರಂತೂ ಸೂರ್ಯ ಕೆಂಪಗಾದರೆ ಸಾಕು, ತಟ್ಟೆ ತೊಳೆದು ಬೋರಲು ಹಾಕುವವರು.

"ಊಟಕ್ಕ ಬರ್ರಿ ಅಂತ ಹೇಳ್ರಿ, ಐದಕ್ಕ ಬರ್ರಿ ಅಂತ ಹೇಳ್ರಿ" ಎಂದಳು ಪದ್ಮಾ.

"ಡಿಪ್ ಅಂದ್ರ ಸಾಕ, ತಿಳೀತೈತಿ" ಎಂದು ನಾನು ಫೋನ್ ಹಚ್ಚಿದೆ.

"ಅಕ್ಕಾರ, ಶನಿವಾರ ಸಂಜಿಗೆ ನಮ್ಮ ಮನ್ಯಾಗ ಡಿಪ್ ಇಟ್ಟೀವಿ. ಎಲ್ಲಾರೂ ಬರ್ಬೇಕರಿ."

"ಭಾಳ ಛಲೋ ಆತ ಭರತೇಶ! ಈ ಬುದ್ಧಿ ನಿನಗ ಯಾವಾಗ ಬಂತ?" ಎಂದರು. ಆಮೇಲೆ ಕೇಳಿದರು: "ತುಪ್ಪದ್ದೋ, ಎಣ್ಣಿದೋ?"

"ಬೆಣ್ಣಿದ್ರಿ!" ಎಂದೆ ಹೆಮ್ಮೆಯಿಂದ.

"ಬೆಣ್ಣಿದ ನಾ ಎಲ್ಲೂ ಕೇಳಿಲ್ಲ. ಇರ್ಲಿ, ಭಾವ ಮುಖ್ಯ. ನಾವೂ ಒಂದ ನಾಕ ತರ್ತೀವಿ" ಎಂದು ಫೋನ್ ಇಟ್ಟರು.

ನಾಕ! ನಾನು ಒಂದು ಡಿಪ್ ಮಾಡಲು ಒದ್ದಾಡುತ್ತಿದ್ದರೆ ಇವರು ನಾಲ್ಕು ಡಿಪ್ ತಂದು ನನ್ನ ಮರ್ಯಾದೆ ತೆಗೆಯಲು ಹೊರಟಿದ್ದಾರೆ. ನನ್ನೊಳಗಿನ ಛಲ ಎದ್ದು ನಿಂತಿತು.

ಶನಿವಾರ ಬೆಳಿಗ್ಗೆ ಪದ್ಮಾಳನ್ನು ಅಡಿಗೆಮನೆಯ ಹೊಸ್ತಿಲಾಚೆ ಕುರ್ಚಿ ಹಾಕಿ ಕೂರಿಸಿದೆ. ಫೋನಿನಲ್ಲಿ ಸಾಮಾನಿನ ಪಟ್ಟಿ ತೆರೆದು ಗಟ್ಟಿಯಾಗಿ ಓದಿದೆ.

"ಉಳ್ಳಾಗಡ್ಡಿ."

"ಅಕ್ಕ ತಿನ್ನಂಗಿಲ್ಲ."

"ಬಳ್ಳೊಳ್ಳಿ."

"ಹೆಸರ ತಗೀಬ್ಯಾಡ್ರಿ."

"ಗಜ್ಜರಿ, ಬಟಾಟಿ."

"ನೆಲದಾಗಿನ ಗಡ್ಡಿ ಎಲ್ಲಾ ಬಿಡ್ರಿ."

"ಹೂಕೋಸು?"

"ಅದ್ರಾಗ ಹುಳ ಇರ್ತಾವಂತ ಮದಿವ್ಯಾಗ ಸುದ್ದಾ ಮುಟ್ಟಿಲ್ಲ ಅಕಿ."

"ಅಣಬಿ?"

ಪದ್ಮಾ ನನ್ನನ್ನು ದುರುಗುಟ್ಟಿ ನೋಡಿದಳು. ಮುಂದಿನದು ಯಾವುದೋ ಪರದೇಶಿ ತರಕಾರಿ. ಅದರ ಹೆಸರು ಇಬ್ಬರಿಗೂ ಓದಲು ಬರಲಿಲ್ಲವಾದ್ದರಿಂದ ಜಗಳವಿಲ್ಲದೆ ಕೈಬಿಟ್ಟೆವು. ಕೊನೆಗೆ ಪರೀಕ್ಷೆಯಲ್ಲಿ ಪಾಸಾದವರು ಡಬ್ಬು ಮೆಣಸಿನಕಾಯಿ, ಬೀನ್ಸು ಮತ್ತು ಮೆಕ್ಕೆಜೋಳ. ಚೀಸಿನ ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನೂ ಅಂಗಡಿಯ ಭೂತಗನ್ನಡಿ ತಂದು ಓದಿ, ಹಾಲು ಒಡೆಸಲು ಪ್ರಾಣಿಯ ವಸ್ತು ಏನೂ ಹಾಕಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಅದ್ದಲು ಚಕ್ಕೆಯ ಬದಲು ಸಂತೆಯಿಂದ ಕಡಕ್ ಸಜ್ಜೆ ರೊಟ್ಟಿ ತಂದಿದ್ದೆ.

ಮೊದಲು ಬಿಳಿ ಸಾಸು. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹೊಯ್ಯಬೇಕು. ಹೊಯ್ದೆ. ಒಂದೇ ಏಟಿಗೆ ಹೊಯ್ದೆ! ನಿಂಬೆಹಣ್ಣಿನಷ್ಟು ದೊಡ್ಡ ಗಂಟುಗಳು ತೇಲಿದವು.

"ಸಾವಕಾಶ ಹಾಕಬೇಕಿತ್ರಿ" ಎಂದಿತು ಕುರ್ಚಿ.

"ಪಾಹುಣ್ಯಾರು ಮಾತಾಡಬಾರ್ದ" ಎಂದೆ. ಮಜ್ಜಿಗೆ ಕಡೆಯುವ ಕಡಗೋಲು ಹಾಕಿ ತಿರುಗಿಸಿದೆ. ಗಂಟು ಒಡೆದವು. ಸಾಸು ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಕನ್ನಡಕಕ್ಕೆ ಹಾರಿತು. ಪಾತ್ರೆಯಲ್ಲೂ ಸ್ವಲ್ಪ ಉಳಿಯಿತು.

ಇನ್ನು ಬೇಯಿಸುವುದು. ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನಲ್ಲೂ ಆಗುತ್ತದೆ, ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದಿಡಿ ಎಂದು ಫೋನಿನ ವಿಡಿಯೋದಲ್ಲಿದ್ದ ಹೆಂಗಸು ಹೇಳಿದಳು. ಪರೀಕ್ಷೆಗೆಂದು ಒಂದು ಬಟ್ಟಲು ಡಿಪ್ ಒಳಗಿಟ್ಟೆ. ಆದರೆ ಗ್ಯಾಸ್ಕೆಟ್ ಇಲ್ಲದ ಯಂತ್ರವನ್ನು ಚಾಲೂ ಮಾಡುವುದೆಂದರೆ ನನ್ನ ಇಪ್ಪತ್ತೆರಡು ವರ್ಷದ ವೃತ್ತಿಗೇ ಅವಮಾನ. ನನಗೆ ಗೊತ್ತಿಲ್ಲದೆಯೇ ನನ್ನ ಕೈ ಗ್ಯಾಸ್ಕೆಟ್ ಕೂರಿಸಿತು. ಸೀಟಿಯನ್ನೂ ಬಿಗಿಯಿತು. ಒಣ ಶಾಖದಲ್ಲೇ ಬೇಯಲಿ ಎಂದು ತಳಕ್ಕೆ ಉಪ್ಪು ಹಾಕಲು ಹೇಳಿದ್ದಳು, ನಾನು ಅಭ್ಯಾಸಬಲದಿಂದ ನೀರು ಹಾಕಿದ್ದೆ. ಮೂರು ಸೀಟಿ ಆದ ಮೇಲೆ ತೆಗೆದು ನೋಡಿದರೆ ಡಿಪ್ ಇದ್ದಲ್ಲಿ ಸಾರು ಇತ್ತು.

ಇಷ್ಟರಲ್ಲಿ ಮಧ್ಯಾಹ್ನ ಎರಡು. "ಹಸಿವಿ ಆಗೇತ್ರಿ. ಒಂದ ರೊಟ್ಟಿ ತಿನ್ಲ್ಯಾ?" ಎಂದಳು ಪದ್ಮಾ. ಬೆಳಿಗ್ಗೆ ಒಂದು ಮುಷ್ಟಿ ಚುರಮುರಿ ಬಿಟ್ಟರೆ ಅವಳು ಏನೂ ತಿಂದಿರಲಿಲ್ಲ, ಅಡಿಗೆಮನೆಯನ್ನು ನಾನು ಹಿಡಿದಿದ್ದೆನಲ್ಲ!

"ಹೊಟ್ಟಿ ಖಾಲಿ ಇಟ್ಟಕೋ. ಸಂಜಿಗೆ ಮಜಾ ಬರತೈತಿ" ಎಂದು ಅಪ್ಪಣೆ ಮಾಡಿದೆ.

ಉಳಿದ ಡಿಪ್ಪನ್ನು ಅಗಲ ತಟ್ಟೆಗೆ ಸುರಿದು, ಸ್ಕೂಟರಿನ ಮುಂದೆ ಇಟ್ಟುಕೊಂಡು ನಮ್ಮ ಓಣಿಯಾಚೆಯ ದಸ್ತಗೀರ ಮಾಮಾರ ಬೇಕರಿಗೆ ಹೋದೆ. ರಂಜಾನ್ ತಿಂಗಳು, ಮಾಮಾ ಉಪವಾಸದಲ್ಲಿದ್ದರು.

"ಸಾವಕಾರ್ರ, ಭಟ್ಟಿ ಖಾಲಿ ಆಗೂದು ಐದಕ್ಕರಿ. ತತ್ತಿ ಕೇಕಿನ ಭಟ್ಟಿ ಬ್ಯಾರೆ ಐತಿ, ಇದ ಬರೇ ಬ್ರೆಡ್ಡಿಂದು. ಚಿಂತಿ ಮಾಡಬ್ಯಾಡ್ರಿ" ಎಂದರು.

ಅಲ್ಲೇ ಕಾದು ಕುಳಿತೆ. ಐದಕ್ಕೆ ತಟ್ಟೆ ಒಳಗೆ ಹೋಯಿತು. ಇಪ್ಪತ್ತು ನಿಮಿಷದಲ್ಲಿ ಇಡೀ ಓಣಿ ಘಮಘಮ. ಚೀಸು ಕುದಿಯುತ್ತಿದೆ, ಮೇಲೆ ಬಂಗಾರದ ಬಣ್ಣ! ನಿಜ ಹೇಳುತ್ತೇನೆ, ಪಂಪು ರಿಪೇರಿಯಾಗಿ ಮೊದಲ ನೀರು ಚಿಮ್ಮಿದಾಗಲೂ ನನಗೆ ಅಷ್ಟು ಖುಷಿಯಾಗಿಲ್ಲ.

"ರುಚಿ ನೋಡ್ರಿ ಮಾಮಾ" ಎಂದೆ, ಮೈಮರೆತು.

"ರೋಜಾ ಐತ್ರಿ. ಈಗ ಬರೇ ವಾಸನಿ ಮ್ಯಾಲ ಹೇಳಬೌದ, ಪಾಸ್!" ಎಂದು ನಕ್ಕರು.

ಐದೂವರೆಗೆ ಮನೆ ಮುಟ್ಟಿದೆ. ಪದ್ಮಾ ಹೊಸ ಇಳಕಲ್ ಸೀರೆ ಉಟ್ಟು ಕುರ್ಚಿಯಲ್ಲಿ ಕುಳಿತಿದ್ದಳು. ತಟ್ಟೆ ನೋಡಿದವಳೇ ಎದ್ದು ನಿಂತಳು. "ಅಯ್ಯ, ಅಲ್ಲಿದಕ್ಕಿಂತ ಛಂದ ಆಗೇತಲ್ರಿ!" ಎಂದು ರೊಟ್ಟಿಯ ಚೂರು ಮುರಿದಳು. ನಾನು ತಟ್ಟೆಗೆ ಕೈ ಅಡ್ಡ ಇಟ್ಟೆ.

"ಮ್ಯಾಲಿಂದು ಒಡಿಬ್ಯಾಡ! ಅಕ್ಕಾರ ಇಡೀ ಡಿಪ್ ನೋಡಬೇಕ. ಅವರ ಬರೂತನಾ ಯಾರೂ ಮುಟ್ಟಂಗಿಲ್ಲ."

ಅವಳು ರೊಟ್ಟಿಯ ಚೂರನ್ನು ಬರಿದೇ ಬಾಯಿಗೆ ಹಾಕಿಕೊಂಡು ಕುಳಿತಳು. ಆರಾಯಿತು. ಅಕ್ಕ ಬರಲಿಲ್ಲ. ಫೋನ್ ಮಾಡಿದೆ. ಜೀಪಿನ ಗದ್ದಲದಲ್ಲಿ ಅವರ ದನಿ: "ದಾರ್‍ಯಾಗ ಅದೀವಿ. ದೀಪದ ಹೊತ್ತಿಗೆ ಸರಿಯಾಗಿ ಮುಟ್ತೀವಿ!"

ಡಿಪ್ ಎನ್ನಲು ದೀಪ ಎನ್ನುತ್ತಾರೆ. ಪಾಪ, ಹಳೆಯ ಮಂದಿ, ನಾಲಿಗೆ ಹೊರಳುವುದಿಲ್ಲ ಎಂದು ನಾನು ಕನಿಕರಪಟ್ಟೆ!

ಅಷ್ಟರಲ್ಲಿ ಡಿಪ್ ಆರಿ ಚೀಸು ರಬ್ಬರಿನಂತಾಗಿತ್ತು. ಬಿಸಿ ಇಲ್ಲದ ಡಿಪ್ಪನ್ನು ಕುಸುಮಕ್ಕನ ಮುಂದೆ ಇಡುವುದೇ? ತಟ್ಟೆ ಎತ್ತಿಕೊಂಡು ಮತ್ತೆ ಬೇಕರಿಗೆ ಹೊರಟೆ.

"ಹೊತ್ತ ನೋಡ್ರಿ! ಆರೂವರಿಗೆ ಮುಣಗತೈತಿ. ಹಂಗ ತಿಂದ್ರ ಆತ, ಕುಂಡರ್ರಿ" ಎಂದು ಪದ್ಮಾ ಕೂಗಿದಳು.

"ಹತ್ತ ಮಿನಿಟ!" ಎಂದೆ.

ಆ ಹತ್ತು ನಿಮಿಷ ಇಪ್ಪತ್ತೈದಾಯಿತು. ತಟ್ಟೆ ಕುದಿಯುತ್ತ ಹೊರಗೆ ಬಂತು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ರಸ್ತೆ ತುಂಬಾ ತೆವಳುತ್ತಿತ್ತು. ಅದರ ಹಿಂದೆ ನಾನು, ತೊಡೆ ಸುಡುವ ತಟ್ಟೆಯೊಂದಿಗೆ, ಮುಳುಗುವ ಸೂರ್ಯನಿಗೆ "ಒಂದ ಸ್ವಲ್ಪ ತಡೀರಿ" ಎಂದು ವಿನಂತಿ ಮಾಡುತ್ತ ಬಂದೆ. ಅವನು ನಿಲ್ಲಲಿಲ್ಲ.

ಬಾಗಿಲಿಗೆ ಬಂದರೆ ಒಳಗೆ ಗಂಟೆಯ ಸದ್ದು! ಕುಸುಮಕ್ಕ, ಅವರ ಯಜಮಾನರು, ಇನ್ನೂ ಆರು ಜನ ನೆಂಟರು ಸಾಲಾಗಿ ನಿಂತಿದ್ದಾರೆ. ದೇವರ ಮುಂದೆ ನಾಲ್ಕು ಹಿತ್ತಾಳೆಯ ದೀಪದ ಸಮೆಗಳು ಉರಿಯುತ್ತಿವೆ. ಆರತಿ ನಡೆದಿದೆ. ಪದ್ಮಾ ಒಂದು ಮೂಲೆಯಲ್ಲಿ ಕೈ ಮುಗಿದು ನಿಂತು, ನನ್ನನ್ನು ಮಾತ್ರ ನೋಡುತ್ತಿದ್ದಾಳೆ.

ಆರತಿ ಮುಗಿಸಿ ಕುಸುಮಕ್ಕ ತಿರುಗಿದರು. "ಎಲ್ಲಿ ಹೋಗಿದ್ದಿ ಭರತೇಶ? ಎಲ್ಲಿ ನಿನ್ನ ಬೆಣ್ಣಿ ದೀಪ? ನಾವು ಊಟಾ ಮುಗಿಸಿಕೊಂಡ, ತುಪ್ಪಾ ಬತ್ತಿ ತಗೊಂಡ ಬಂದೀವಿ."

ನಾನು ತಟ್ಟೆ ಮುಂದೆ ಹಿಡಿದೆ. ಚೀಸು ಒಂದು ಗುಳ್ಳೆ ಎಬ್ಬಿಸಿತು.

ಅಕ್ಕ ಬಗ್ಗಿ ನೋಡಿದರು. "ಇದರಾಗ ಬತ್ತಿ ಎಲ್ಲೈತಿ?"

ವಿವರಿಸಿದೆ. ಡಿಪ್ ಬೇರೆ, ದೀಪ ಬೇರೆ, ಒಂದು ತಿನ್ನುವುದು, ಒಂದು ಹಚ್ಚುವುದು. ಎಂಟು ಜನವೂ ಮೊದಲು ಬಾಯಿ ತೆರೆದರು, ಆಮೇಲೆ ನಗತೊಡಗಿದರು. ಅಕ್ಕನ ಯಜಮಾನರು ಗೋಡೆ ಹಿಡಿದು ಕುಳಿತರು. ನಕ್ಕು ನಕ್ಕು ಪದ್ಮಾಳ ಕಣ್ಣಲ್ಲಿ ನೀರು. ಅದರಲ್ಲಿ ಎಷ್ಟು ನಗುವಿನದು, ಎಷ್ಟು ಹಸಿವಿನದು ಎಂದು ನಾನು ಕೇಳುವ ಧೈರ್ಯ ಮಾಡಲಿಲ್ಲ. ಅವಳೂ ಹೊತ್ತು ಮುಳುಗಿದ ಮೇಲೆ ತಿನ್ನುವವಳಲ್ಲ.

ನಾಳೆಗೆ ಇಡೋಣವೆಂದರೆ ತಂಗಳು ನಮ್ಮಲ್ಲಿ ನಡೆಯುವುದಿಲ್ಲ. ಹತ್ತು ಜನ ಜೈನರ ನಡುವೆ ಡಿಪ್ಪು ಒಂಟಿಯಾಗಿ ಕುದಿಯುತ್ತಿತ್ತು.

ಪದ್ಮಾಳೇ ಹೇಳಿದಳು: "ದಸ್ತಗೀರ ಮಾಮಾಗ ಒಯ್ದ ಕೊಡ್ರಿ. ನಮ್ಮ ಊಟಾ ಮುಗಿಯೂ ಹೊತ್ತಿಗೆ ಅವರ ರೋಜಾ ಬಿಡತೈತಿ. ಬಿಸಿ ಇದ್ದಾಗ ಯಾರಾರ ತಿನ್ಲಿ."

ಮೂರನೇ ಸಲ ಬೇಕರಿಗೆ ಹೋದೆ. ಮಾಮಾ ಖಜೂರ ತಿಂದು, ನಮಾಜು ಮುಗಿಸಿ ಮನೆಯವರೊಂದಿಗೆ ಕುಳಿತಿದ್ದರು. ಬ್ರೆಡ್ಡಿನ ಚೂರು ಅದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಫಸ್ಟ್ ಕ್ಲಾಸ್ ಸಾವಕಾರ್ರ! ಬರೇ ಒಂದ ಮಾತ ಹೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಇದಕ್ಕ ಸ್ವಲ್ಪ ಬಳ್ಳೊಳ್ಳಿ ಬೀಳಬೇಕಿತ್ತ."

ಮನೆಗೆ ಬಂದಾಗ ಕುಸುಮಕ್ಕ ಹೊರಟು ನಿಂತಿದ್ದರು. "ಲಗ್ನದ ದಿನ ಗಂಡ ಹೆಂಡ್ತಿ ಉಪಾಸ ಮಾಡಿ ದೀಪ ಇಟ್ಟೀರಿ, ಸದಲಗಾದಾಗ ಎಲ್ಲಾರಿಗೂ ಹೇಳ್ತೀನಿ" ಎಂದರು. ಹೇಳಿಯೂ ಹೇಳಿದರು. ಈಗ ಆ ಊರಿನಲ್ಲಿ ನಾನು ಧರ್ಮಾತ್ಮ.

ಮರುದಿನ ಪದ್ಮಾ ನಸುಕಿನಲ್ಲೇ ಎದ್ದು ಕಟ್ಟೆಯ ಮೇಲೆ ಕುಳಿತು ಪೂರ್ವಕ್ಕೆ ಮುಖ ಮಾಡಿದ್ದಳು. ಸೂರ್ಯನನ್ನು ಅಷ್ಟು ತದೇಕಚಿತ್ತದಿಂದ ಯಾರೂ ಕಾದಿರಲಿಕ್ಕಿಲ್ಲ. ಇಪ್ಪತ್ತೈದು ವರ್ಷದಲ್ಲಿ ನನ್ನ ಮನೆಯಲ್ಲಿ ಅವಳು ಹಸಿದು ಮಲಗಿದ್ದು ಅದೇ ಮೊದಲು. ಅದೂ ನಾನು ತಟ್ಟೆಗೆ ಕೈ ಅಡ್ಡ ಇಟ್ಟಿದ್ದರಿಂದ. ನನಗೆ ಬಹಳ ನಾಚಿಕೆಯಾಯಿತು. ಬಾಯಿಬಿಟ್ಟು "ತಪ್ಪಾತ" ಎಂದೂ ಹೇಳಿದೆ. ಚಹಾ ನಾನೇ ಕಾಸಿದೆ.

ಅಷ್ಟರಲ್ಲಿ ಮಾಮಾ ನಮ್ಮ ತಟ್ಟೆ ತಂದುಕೊಟ್ಟರು. ಬರಿದೇ ಕೊಡಬಾರದೆಂದು ಅದರ ತುಂಬಾ ಗರಿಗರಿ ಖಾರಿ ಬಿಸ್ಕಿಟು ತುಂಬಿದ್ದರು. ಪದ್ಮಾ ಒಂದು ಖಾರಿ ಎತ್ತಿಕೊಂಡು, ಚಹಾದಲ್ಲಿ ಅದ್ದಿ, ನಾನು ಕೂಡುವುದನ್ನೂ ಕಾಯದೆ ತಿಂದಳು. ಇನ್ನೊಂದು ತಿಂದಳು. ಮೂರನೆಯದಕ್ಕೆ ಮುಖ ಅರಳಿತು.

"ಡಿಪ್ ಅಂದ್ರ ಇದ ನೋಡ್ರಿ. ಅದ್ದಬೇಕ, ತಿನ್ನಬೇಕ. ಯಾರನ್ನೂ ಕಾಯಬಾರ್ದ."

ಸರಿ, ಇದಾದರೂ ನನಗೆ ಬರುತ್ತದಲ್ಲ ಎಂದು ನಾನೂ ಒಂದು ಖಾರಿ ತೆಗೆದುಕೊಂಡು ಗಂಭೀರವಾಗಿ ಕಪ್ಪಿನಲ್ಲಿ ಅದ್ದಿದೆ. ಎತ್ತಿ ನೋಡಿದರೆ ಕೈಯಲ್ಲಿ ಅರ್ಧ ಮಾತ್ರ ಇತ್ತು. ಉಳಿದರ್ಧ ಚಹಾದಲ್ಲಿ ಮುಳುಗಿ ಹೋಗಿತ್ತು!