ನಡುಗದ ಸೂಜಿಯ ಮೇಲೆ ಮಾವನ ಸಿಟ್ಟು

ಜಗತ್ತಿನ ವಿಜ್ಞಾನಿಗಳನ್ನೆಲ್ಲ ಹಿಡಿದು ತಂದು ತಲ್ಲೂರಿನ ಅಕ್ಕಿ ಅಂಗಡಿಯೊಂದರಲ್ಲಿ ಆರು ತಿಂಗಳು ಗೋಣಿ ಹೊರಿಸಬೇಕು. ಆಮೇಲೆ ಬೇಕಾದರೆ ಅವರು ಸೂಜಿ ತಯಾರಿಸಲಿ. ಇದು ನನ್ನ ಸೋದರಮಾವನ ಸುವಿಚಾರಿತ ಅಭಿಪ್ರಾಯ. ಆ ಅಂಗಡಿ ಅವರದೇ ಎಂಬುದು ಕೇವಲ ಆಕಸ್ಮಿಕ.

ಸಿಟ್ಟು ಎಲ್ಲರಿಗೂ ಬರುತ್ತದೆ. ನೆರೆಯವನ ಮೇಲೆ, ಸರಕಾರದ ಮೇಲೆ, ಹೆಚ್ಚೆಂದರೆ ಬಸ್ಸಿನ ಕಂಡಕ್ಟರನ ಮೇಲೆ. ಡಾಕ್ಟರ ಸೂಜಿಯ ಮೇಲೆ ಸಿಟ್ಟು ಮಾಡಿಕೊಂಡು, ಅದನ್ನು ವರ್ಷಗಟ್ಟಲೆ ಅನ್ನ ಹಾಕಿ ಸಾಕಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರ ಸ್ಕೂಟರಿನ ಹಿಂದೆ ಕೂತು ಅದರ ಫಲವನ್ನೂ ಉಂಡಿದ್ದೇನೆ.

ಈ ಹಗೆ ಹುಟ್ಟಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಕಿರಿಮಂಜೇಶ್ವರದಲ್ಲಿ ಒಂದು ಮದುವೆ. ಮೊದಲ ಪಂಕ್ತಿಯಲ್ಲೇ ಉಣ್ಣಬೇಕೆಂಬ ಅವಸರದಲ್ಲಿ ಮಾವ ಚಪ್ಪರದ ಮೊಳೆಯೊಂದನ್ನು ಮೆಟ್ಟಿದರು. ನಾನು ಅವರನ್ನು ಬೈಂದೂರಿನ ಕ್ಲಿನಿಕ್ಕಿಗೆ ಕರೆದೊಯ್ದೆ. ನರ್ಸು ಇಂಜೆಕ್ಷನ್ ಎತ್ತಿದ್ದೇ ತಡ, ಮಾವ ಕೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ಸೂಜಿಯ ತುದಿಯನ್ನು ಪರೀಕ್ಷಿಸಿದರು.

“ಹ್ವಾಯ್ ಅಕ್ಕಾ, ಇದನ್ನ ಸೀದಾ ಒತ್ತುದಾ? ಒಂಚೂರ್ ನಡ್ಗ್ಸುದಿಲ್ಯಾ? ನಮ್ ಗೋಣಿ ಹೊಲಿವ ದಬ್ಬಣ ಇದ್ಕಿಂತ ಸಲೀಸ್ ಹೋತ್ತ್.”

“ಹಂಗಾರೆ ಅದನ್ನೇ ತಕಂಡ್ ಬನ್ನಿ,” ಎಂದಳು ನರ್ಸು. “ಅದ್ರಲ್ಲೇ ಚುಚ್ತೆ.”

ಮಾವ ತೆಪ್ಪಗೆ ತೋಳು ಮುಂದೆ ಮಾಡಿದರು.

ಹಾಗೆಂದು ಅವರ ವಾದಕ್ಕೆ ಬುಡವೇ ಇಲ್ಲ ಎನ್ನುವಂತಿಲ್ಲ. ಅಕ್ಕಿ ವ್ಯಾಪಾರದಲ್ಲಿ ಗೋಣಿಯ ಬಾಯಿ ಬಿಚ್ಚದೆ ಮಾದರಿ ತೆಗೆಯಲು ಚೂಪು ಮೂತಿಯ ಒಂದು ಕಬ್ಬಿಣದ ಕೊಳವೆ ಇರುತ್ತದೆ. ಅದನ್ನು ಗೋಣಿಯ ಹೊಟ್ಟೆಗೆ ಚುಚ್ಚಿದರೆ ಒಳಗಿನ ಅಕ್ಕಿ ಜಾರಿ ಅಂಗೈಗೆ ಬರುತ್ತದೆ. ಬರುತ್ತದೆ ಎಂದೆನೇ? ನಾನು ಚುಚ್ಚಿದರೆ ಬರುವುದು ನಾಲ್ಕು ಕಾಳು. ಮಾವ ಚುಚ್ಚಿ, ಮಣಿಕಟ್ಟನ್ನು ಕಂಡೂ ಕಾಣದಷ್ಟು ನಡುಗಿಸಿದರೆ ಅಂಗೈ ತುಂಬುತ್ತದೆ. ನಲವತ್ತು ವರ್ಷ ಹೀಗೆ ನಡುಗಿಸಿದ ಮನುಷ್ಯನಿಗೆ, ನಡುಗದೆ ಒಳಹೋಗುವ ಸೂಜಿಯೆಂದರೆ ಅವಿದ್ಯಾವಂತ ಸೂಜಿ.

ಈ ತಮಾಷೆಯ ಜಗಳ ತಮಾಷೆಯಾಗಿ ಉಳಿಯದೆ ಹೋದದ್ದು ಇಪ್ಪತ್ತು ಇಪ್ಪತ್ತೈದು ವರ್ಷಗಳ ಮೇಲೆ, ಅತ್ತೆಯ ಕುತ್ತಿಗೆಯಲ್ಲಿ ಅಡಿಕೆ ಗಾತ್ರದ ಗಂಟೊಂದು ಕಾಣಿಸಿಕೊಂಡಾಗ. ಅದು ಕೆಟ್ಟ ಗಂಟೋ ಸಾಧುವೋ ತಿಳಿಯಬೇಕಿತ್ತು. ಕುಂದಾಪುರದ ಡಾಕ್ಟರು ಸಣ್ಣ ಸೂಜಿ ಚುಚ್ಚಿ ಒಳಗಿನಿಂದ ಚೂರೇ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರ ಬಿಟ್ಟು ವರದಿ ಬಂತು: ಮಾದರಿ ಸಾಲದು. ಮತ್ತೆ ಚುಚ್ಚಿದರು. ಮತ್ತೆ ಸಾಲದು.

ಮಾವ ಕೆಂಡವಾದರು. “ಒಂದೇ ಗೋಣಿಗೆ ಎರಡ್ ಸಲ ಚುಚ್ಚಿಯೂ ಅಕ್ಕಿ ಎಂತದ್ದ್ ಅಂದ್ ಹೇಳುಕ್ ಆಗ್ದಿದ್ರೆ, ಆ ವ್ಯಾಪಾರಿಯನ್ನ ಪ್ಯಾಟಿಯಗೆ ಯಾರ್ ನಂಬ್ತ್ರ್?”

“ನನ್ನ ಗೋಣಿ ಮಾಡ್ಬೇಡಿ,” ಎಂದರು ಅತ್ತೆ. “ಇನ್ನ್ ನಾ ಯಾರಿಗೂ ಕುತ್ಗಿ ಕೊಡುದಿಲ್ಲ. ಆಪ್ದ್ ಆಯ್ಲಿ.”

ಆ ದಿನ ಅಕ್ಕಿ ಕೇಳಿದವರಿಗೆ ಮಾವ ದನದ ಹಿಂಡಿ ಕಟ್ಟಿಕೊಟ್ಟರು. ಅದಕ್ಕೂ ಸೂಜಿಯೇ ಕಾರಣವೆಂದರು.

ಇಂಥ ಹೊತ್ತಿನಲ್ಲಿ ನಾನೊಂದು ತಪ್ಪು ಮಾಡಿದೆ. ನಾನು ಬ್ರಹ್ಮಾವರದಲ್ಲಿ ಮಾಸ್ತರ. ಓದಿದ್ದನ್ನು ಗಟ್ಟಿಯಾಗಿ ಹೇಳದೆ ಇರಲಾರದ್ದು ನನ್ನ ಕಸುಬಿನ ರೋಗ. ಪೇಪರಿನ ಒಳಪುಟದ ಸುದ್ದಿಯೊಂದನ್ನು ಮಾವನ ಮುಂದೆ ಓದಿಬಿಟ್ಟೆ. ಪರದೇಶದಲ್ಲಿ ಯಾರೋ ಕಿವಿಗೆ ಕೇಳದಂಥ ಶಬ್ದವನ್ನು ಸೂಜಿಗೆ ಹಾಯಿಸಿ ಅದರ ತುದಿಯನ್ನು ನಡುಗಿಸುತ್ತಿದ್ದಾರಂತೆ. ಹಾಗೆ ನಡುಗಿದ ಸೂಜಿ ಹಗುರಾಗಿ ಒಳಹೋಗಿ, ಹೆಚ್ಚು ಮಾದರಿ ತರಬಹುದೆಂದು ಪ್ರಯೋಗ ನಡೆಸಿದ್ದಾರಂತೆ.

ಮಾವ ಹಿಗ್ಗಬಹುದೆಂದು ನಿರೀಕ್ಷಿಸಿದ್ದೆ. ಅವರ ಮುಖ ಕಪ್ಪಿಟ್ಟಿತು.

“ಈಗ ಗೊತ್ತಾಯ್ತಾ ಅವ್ರಿಗೆ? ನಾ ಬೈಂದೂರಗೆ ಹೇಳಿ ಎಷ್ಟ್ ವರ್ಷ ಆಯ್ತ್?”

“ಆ ನರ್ಸು ಅವರಿಗೆ ಕಾಗದ ಬರೆಯಲಿಲ್ಲವೋ ಏನೋ ಮಾವ,” ಎಂದೆ.

“ನಿಂಗೆ ತಮಾಷಿ. ಹೊರಡ್, ಕುಂದಾಪ್ರಕ್ಕೆ ಹೋಪ.”

ಹೋದೆವು. ಮಾವನ ಕಂಕುಳಲ್ಲಿ ಪೇಪರು, ಕೈಯಲ್ಲಿ ಕೊಳವೆ, ಸ್ಕೂಟರಿನ ಮುಂದೆ ಅರ್ಧ ಗೋಣಿ ಕುಚ್ಚಲಕ್ಕಿ. ರೋಗಿಗಳು ಸಾಲುಗಟ್ಟಿ ಕೂತ ಆ ಕ್ಲಿನಿಕ್ಕಿನಲ್ಲಿ, ಡಾಕ್ಟರ ಮೇಜಿನ ಮೇಲೆಯೇ ಗೋಣಿ ಮಲಗಿತು. ಮಾವ ಒಮ್ಮೆ ಸೀದಾ ಚುಚ್ಚಿ ತೋರಿಸಿದರು: ನಾಲ್ಕು ಕಾಳು. ಇನ್ನೊಮ್ಮೆ ನಡುಗಿಸಿ ಚುಚ್ಚಿದರು: ಡಾಕ್ಟರ ಸ್ಟೆತಾಸ್ಕೋಪು ಅಕ್ಕಿಯಲ್ಲಿ ಹೂತುಹೋಯಿತು. ಹೊರಗಿನ ರೋಗಿಗಳೆಲ್ಲ ತಮ್ಮ ತಮ್ಮ ಕಾಯಿಲೆ ಮರೆತು ಬಾಗಿಲಲ್ಲಿ ನಿಂತರು. ನಾನು ಗೋಡೆಯ ಕ್ಯಾಲೆಂಡರನ್ನು ಅತ್ಯಂತ ಗಂಭೀರವಾಗಿ ಓದುತ್ತಿದ್ದೆ.

ಡಾಕ್ಟರು ದೊಡ್ಡ ಮನುಷ್ಯ. ಅಕ್ಕಿಯನ್ನು ಬದಿಗೆ ಸರಿಸಿ ಪೇಪರು ಓದಿದರು. “ಇದ್ ಇನ್ನೂ ಪ್ರಯೋಗದಲ್ಲಿತ್ತ್ ಮಾರಾಯ್ರೆ. ನಮ್ಮಲ್ಲಿಗೆ ಬಂದಿಲ್ಲ. ನಾ ಈ ಸಲ ಸ್ಕ್ಯಾನಿಂಗ್ ಇಟ್ಟ್ಕಂಡ್ ಚುಚ್ತೆ. ಸೂಜಿ ಎಲ್ಲಿಗೆ ಹೋತ್ತ್ ಅಂದ್ ಪರದೆ ಮೇಲೆ ಕಾಣತ್ತ್.”

“ಆ ಸ್ಕ್ಯಾನಿಂಗ್ ಎಂತರಲ್ಲಿ ಆಪ್ದ್?”

“ಅದೂ ಕಿವಿಗೆ ಕೇಳದ ಶಬ್ದವೇ.”

“ಹಂಗಾರೆ ಆ ಶಬ್ದಕ್ಕೆ ಕಾಂಬುಕ್ ಆತ್ತ್, ನಡ್ಗ್ಸುಕ್ ಆತಿಲ್ಯಾ?”

ಡಾಕ್ಟರು ಕನ್ನಡಕ ತೆಗೆದರು. “ನಿಮ್ ಪ್ರಶ್ನೆ ಸರಿ ಇತ್ತ್. ಉತ್ತರ ನನ್ನತ್ರ ಇಲ್ಲ. ಆದ್ರೆ ನಿಮ್ ಮನೆಯವ್ರನ್ನ ಒಂದ್ ಸಲ ಕರ್ಕಂಡ್ ಬನ್ನಿ. ತಡ ಮಾಡುದ್ ಬ್ಯಾಡ.”

ಕೊನೆಯ ಮಾತನ್ನು ಅವರು ಮೆಲ್ಲಗೆ ಹೇಳಿದರು. ಮಾವ ಗೋಣಿಯನ್ನು ಅಲ್ಲೇ ಮರೆತು ಹೊರಟರು.

ಅತ್ತೆಯನ್ನು ಒಪ್ಪಿಸಲು ಮೂರು ದಿನ ಬೇಕಾಯಿತು. ಕೊನೆಗೆ ಅವರು ಹಾಕಿದ್ದು ಒಂದೇ ಷರತ್ತು. “ನೀವ್ ಬಾಯಿ ಮುಚ್ಚಿ ನನ್ ಕೈ ಹಿಡ್ಕಂಡ್ ಕೂಕಂಬುದಾರೆ ಬತ್ತೆ.” ಅಂದರೆ ಬರುವುದಿಲ್ಲ ಎಂದೇ ನಾವೆಲ್ಲ ಅರ್ಥ ಮಾಡಿಕೊಂಡೆವು. ಆದರೆ ಮಾವ ಕೂತರು. ನಾನು ಪರದೆಯ ಈಚೆ ನಿಂತಿದ್ದೆ. ಆ ಸೂಜಿಯನ್ನು ಬೈಯಲು ಅಷ್ಟು ಹತ್ತಿರದ ಅವಕಾಶ ಸಿಕ್ಕಿಯೂ ಒಂದು ಶಬ್ದ ಕೇಳಿಸಲಿಲ್ಲ.

ಈ ಸಲ ಮಾದರಿ ಸಾಕಾಯಿತು. ವಾರದ ಮೇಲೆ ವರದಿಯೂ ಬಂತು: ಗಂಟು ಸಾಧು.

ಅಂದು ಸಂಜೆ ತಲ್ಲೂರಿನ ಅಂಗಡಿಯಲ್ಲಿ ಮಾವ ಯಥಾಪ್ರಕಾರ ಶುರು ಮಾಡಿದರು. “ಸಾಕಾಯ್ತ್ ಅಂಬ್ರ್. ಆದ್ರೂ ನಡ್ಗದ ಸೂಜಿಯೇ ಅದ್. ಇವ್ಳಿಗೆ ನೋವ್ ಎಷ್ಟಾಯ್ತೋ.”

ಚಹಾ ತಂದ ಅತ್ತೆ ಅವರತ್ತ ನೋಡದೆ ನನಗೆ ಹೇಳಿದರು. “ನೋವ್ ಗೊತ್ತೇ ಆಯ್ಲಿಲ್ಲ ಕಾಣ್. ಸೂಜಿ ನಡ್ಗ್ಲಿಲ್ಲ, ಹೌದ್. ನಡ್ಗಿದ್ದ್ ಇವ್ರ ಕೈ. ಅಯ್ಯೋ, ಇವ್ರಿಗೆ ಎಂತಾರೂ ಆತ್ತೋ ಅಂದ್ ಅದನ್ನೇ ಹಿಡ್ಕಂಡ್ ಮನ್ಕಂಡಿದ್ದೆ. ಸೂಜಿ ಯಾವಾಗ ಹೋಯ್ತ್, ಯಾವಾಗ ಬಂತ್, ದೇವ್ರಾಣಿ ನಂಗೊತ್ತಿಲ್ಲ.”

ಮಾವ ಚಹಾವನ್ನು ಹಾಗೆಯೇ ಬಿಟ್ಟು ಎದ್ದು, ಹೊಸದಾಗಿ ಬಂದ ಗೋಣಿಯೊಂದಕ್ಕೆ ಕೊಳವೆ ಚುಚ್ಚಿದರು. ನಲವತ್ತು ವರ್ಷದಲ್ಲಿ ಮೊದಲ ಸಲ ಮಣಿಕಟ್ಟು ನಡುಗಿಸುವುದನ್ನು ಮರೆತರು. ಬಂದ ನಾಲ್ಕೇ ನಾಲ್ಕು ಕಾಳುಗಳನ್ನು ಅಂಗೈಯಲ್ಲಿಟ್ಟುಕೊಂಡು, ನಮ್ಮ ಕಡೆ ಬೆನ್ನು ಹಾಕಿ, ಬಹಳ ಹೊತ್ತು ಪರೀಕ್ಷಿಸುತ್ತ ನಿಂತರು.