ಚಂದ್ರಲೋಕದಿಂದ ಬಸು ಪಾರಾದದ್ದು

ನನಗೊಂದು ದುರಭ್ಯಾಸವಿದೆ. ಟೀವಿಯಲ್ಲಿ ಯಾರಾದರೂ ಶೌರ್ಯ ತೋರಿಸಿದರೆ ಸಾಕು, ಇದಕ್ಕಿಂತ ದೊಡ್ಡದನ್ನು ನಾನು ಮೂಡಲಗಿಯಲ್ಲೇ ನೋಡಿದ್ದೇನೆ ಎಂದು ನಡುವೆ ಬಾಯಿ ಹಾಕುತ್ತೇನೆ. ಈಗ ನಮ್ಮ ಮನೆಯಲ್ಲಿ ದಿನಾ ಸಂಜೆ ಒಂದು ಧಾರಾವಾಹಿ ನಡೆಯುತ್ತದೆ. ಅದರಲ್ಲಿ ಗಾಳಿಯಲ್ಲಿ ಹಾರುವ ನಾಯಕಿಯೊಬ್ಬಳು ವೈರಿಯ ಕಾವಲುಗಾರ್ತಿಯಂತೆ ವೇಷ ಹಾಕಿ, ಬೇರೆ ಗ್ರಹದ ಸೆರೆಮನೆಗೆ ಹೊಕ್ಕು, ಗೆಳೆಯನನ್ನು ಬಿಡಿಸಿಕೊಂಡು ಪಾರಾಗುತ್ತಾಳೆ. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಅವಳನ್ನು ನೋಡುವಾಗ ನಾನು ಮಾತ್ರ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತ ನನ್ನ ಹೆಂಡತಿ ಪಾರ್ವತಿಯನ್ನು ನೋಡುತ್ತೇನೆ. ಇವಳಿಗೆ ಹಾರಲು ಬರುವುದಿಲ್ಲ. ಉಳಿದದ್ದೆಲ್ಲ ಬರುತ್ತದೆ.

ರಷ್ಯಾದವರು ಆಕಾಶಕ್ಕೆ ಕೃತಕ ಚಂದ್ರನನ್ನು ಹಾರಿಸಿದ ಹೊಸತು. ನಾನಾಗ ಮೂಡಲಗಿಯಲ್ಲಿ ಸಾಲಿಮಾಸ್ತರ. ಆ ಸುದ್ದಿ ನನ್ನ ತಲೆಗೆ ಏರಿ, ‘ಗಗನವೀರ’ ಎಂಬ ನಾಟಕ ಬರೆದುಬಿಟ್ಟೆ. ಒಂದೇ ದಿನಕ್ಕೆ ಮುಗಿಯುವ ನಾಟಕವಲ್ಲ ಮತ್ತೆ. ಪ್ರತಿ ರವಿವಾರ ಸಂಜೆ ಶಾಲೆಯ ಪಡಸಾಲೆಯಲ್ಲಿ ಒಂದೊಂದು ಕಂತು. ಗಗನವೀರ ನಾನೇ. ಡಾಂಬರಿನ ಪೀಪಾಯಿಯೇ ನನ್ನ ರಾಕೆಟ್ಟು. ಸಂಕಟ ಬಂದಾಗ ನಾನು ಬಾಯಿಗೆ ಹಾಕಿಕೊಳ್ಳುತ್ತಿದ್ದ ಶಕ್ತಿಗುಳಿಗೆ ಅಸಲಿಗೆ ಗೋಕಾಕದ ಕರದಂಟು. ಶಕ್ತಿಯೇನೋ ಬರುತ್ತಿತ್ತು, ಆದರೆ ಹಲ್ಲಿಗೆ ಅಂಟಿಕೊಂಡು ಮಾತು ಬರುತ್ತಿರಲಿಲ್ಲ. ಚಂದ್ರಲೋಕದ ರಾಕ್ಷಸ ಸೆರೆಯಲ್ಲಿಟ್ಟ ರಾಜಕುಮಾರಿಯ ಪಾತ್ರ ನನ್ನ ಜೊತೆಯ ಮಾಸ್ತರ ಬಸುವಿನದು. ಹೆಂಗಸರು ರಂಗದ ಮೇಲೆ ಬರುವ ಕಾಲ ಅದಲ್ಲ. ಬಸು ಸೀರೆ ಉಟ್ಟು ನಿಂತನೆಂದರೆ ಊರ ಮುದುಕಿಯರು ದೃಷ್ಟಿ ತೆಗೆಯುತ್ತಿದ್ದರು.

ಅದೇ ಆಗ ಬಸುವಿಗೆ ಹುಕ್ಕೇರಿಯ ಗೌಡರೊಬ್ಬರ ಮಗಳನ್ನು ನೋಡಿ ಬಂದಿದ್ದರು. ನೋಡಿ ಬಂದ ದಿನದಿಂದ ಅವನು ಹಾಜರಿ ಕರೆಯುವಾಗಲೂ ನಗುತ್ತಿದ್ದ. ಆದರೆ ಗೌಡರು ಒಂದು ಮಾತು ಖಡಾಖಂಡಿತವಾಗಿ ಹೇಳಿದ್ದರು: “ನಾಟಕದಾಗ ಸೀರಿ ಉಟ್ಟು ಕುಣ್ಯಾವ್ರಿಗೆ ನನ್ನ ಮಗಳನ್ನ ಕೊಡಾಂಗಿಲ್ಲ.” ಬಸು ತಲೆ ಬಗ್ಗಿಸಿ ಚಹಾ ಕುಡಿದಿದ್ದನೇ ಹೊರತು ಬಾಯಿ ಬಿಟ್ಟಿರಲಿಲ್ಲ.

ಆ ರವಿವಾರದ ಕಂತಿನಲ್ಲಿ ಗಗನವೀರ ರಾಕ್ಷಸನ ಕಾವಲುಗಾರನ ವೇಷದಲ್ಲಿ ಸೆರೆಮನೆ ಹೊಕ್ಕು ರಾಜಕುಮಾರಿಯನ್ನು ಬಿಡಿಸಬೇಕಿತ್ತು. ಬಸುವಿನ ಪ್ರವೇಶಕ್ಕೆ ಇನ್ನೂ ಹೊತ್ತಿತ್ತು. ಪರದೆಯ ತೂತಿನಿಂದ ಮಂದಿಯನ್ನು ನೋಡಿದವನು ನನ್ನನ್ನೂ ತೂತಿಗೆ ಎಳೆದ. ವರನ ನಡತೆ ಹೇಗಿದೆಯೆಂದು ಗುಟ್ಟಾಗಿ ವಿಚಾರಿಸಲು ಗೌಡರು ಯಾರಿಗೂ ಹೇಳದೆ ಊರಿಗೆ ಬಂದು, ನಾಟಕವೂ ಆಯಿತೆಂದು ಬಾಗಿಲ ದಾರಿಗೆ ಅಂಟಿಕೊಂಡೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಾರೆ!

“ಮಾಸ್ತರ, ನನ್ನ ಲಗ್ನ ಮುರೀತು. ಖರೇ ಹೇಳ್ತೇನಿ, ಆಕಿನ್ನ ಬಿಟ್ಟು ಬ್ಯಾರೆ ಯಾರನ್ನೂ ನಾ ಮಾಡ್ಕೊಳ್ಳಾಂಗಿಲ್ಲ,” ಎಂದು ಬಸು ಅಳತೊಡಗಿದ. ಹಿಂದೆ ಗೋಡೆ. ಇರುವ ಒಂದೇ ಬಾಗಿಲಿಗೆ ಗೌಡರ ಮುಂದೆಯೇ ಹಾಯಬೇಕು. ಸೀರೆ ಬಿಚ್ಚೋಣವೆಂದರೆ ಅವನ ಧೋತರವನ್ನು ನಾವು ಚಂದ್ರಲೋಕದ ಬೆಳದಿಂಗಳೆಂದು ರಂಗದ ಹಿಂದೆ ಕಟ್ಟಿಬಿಟ್ಟಿದ್ದೆವು. ಹಿಂದಿನ ಕಂತುಗಳಲ್ಲಿ ಸಾಲುಸಾಲು ರಾಕ್ಷಸರನ್ನು ಮುಗಿಸಿದ್ದ ನನಗೆ ಕೈಕಾಲೇ ಆಡಲಿಲ್ಲ. ಗಾಬರಿಯಲ್ಲಿ ಒಂದು ಗುಳಿಗೆ ಬಾಯಿಗೆ ಹಾಕಿಕೊಂಡೆ.

ನನಗೆ ನೀರು ಕೊಡಲು ಬಂದ ಪಾರ್ವತಿ ಎಲ್ಲ ಕೇಳಿ, “ಅದಕ್ಯಾಕ ಅಳ್ತಿ? ಸೀರಿ ಉಟ್ಕೊಂಡೇ ಹೋಗು. ಹೆಣಮಕ್ಕಳ ನಡುವ ಇನ್ನೊಬ್ಬಾಕಿ ಹೋದ್ರ ಯಾರ ನೋಡ್ತಾರ?” ಎಂದಳು. ಅವನ ಕಿರೀಟ ಕಿತ್ತು ನನ್ನ ಕೈಗಿಟ್ಟಳು. ಮುಖದ ಬಣ್ಣವನ್ನು ತನ್ನ ಸೆರಗಿನಿಂದಲೇ ಒರೆಸಿದಳು.

“ಮತ್ತ ನಾ ಯಾರನ್ನ ಬಿಡಿಸ್ಲಿ?” ಎಂದೆ.

“ಅದು ನಿಮ್ಮ ಕೆಲಸರಿ. ಕಥಿ ಬರದಾವ್ರು ನೀವು.”

ಪರದೆಯ ತೂತಿಗೆ ಕಣ್ಣಿಟ್ಟು ನೋಡಿದೆ. ಪಾರ್ವತಿಯ ಬೆನ್ನಿಗೆ ಹೆಂಗಸರ ನಡುವೆ ಹಾಯುವಾಗ ಬಸು ಬೀಸುಹೆಜ್ಜೆ ಹಾಕುತ್ತಿದ್ದ. ಅಭ್ಯಾಸದ ಒನಪು ಒಂದೂ ನೆನಪಿಗೆ ಬಂದಿರಲಿಲ್ಲ. ನಮ್ಮ ಮಗಳನ್ನು ಪಾರ್ವತಿ ಅಲ್ಲಿ ಕುಳಿತ ಯಾವಳೋ ಹುಡುಗಿಯ ಕೈಗೆ ಕೊಟ್ಟು ಬಂದಿದ್ದಳು. ಆ ಹುಡುಗಿ ಬಸುವನ್ನು ಒಮ್ಮೆ ನೋಡಿದಳು, ಎದ್ದಳು, ಅವನ ಸೆರಗನ್ನು ಗಲ್ಲದವರೆಗೆ ಎಳೆದಳು, ಕೂಸನ್ನು ಅವನ ಬಗಲಿಗಿಟ್ಟಳು. “ಕೂಸು ಇರ್ಲಿ ಅಕ್ಕಾರ, ಯಾರೂ ನಡಿಗಿ ನೋಡಾಂಗಿಲ್ಲ,” ಎಂದಳಂತೆ ಪಾರ್ವತಿಗೆ.

ನಮ್ಮ ಕೂಸಿಗೆ ಆಗಷ್ಟೇ ಮಾತು ಬರುತ್ತಿತ್ತು. ಸರಿಯಾಗಿ ಗೌಡರ ಮುಂದೆ ಬಂದಾಗ ಸೆರಗಿನೊಳಗೆ ಇಣುಕಿ, ಬಸುವಿನ ಗುರುತು ಹಿಡಿದು, “ಕಾಕಾ!” ಎಂದು ಕಿರುಚಿತು. ಮುಗಿಯಿತು ಎಂದುಕೊಂಡೆ. ಗೌಡರು ತಮ್ಮನ್ನೇ ಕರೆಯಿತೆಂದು ಹಿಗ್ಗಿಬಿಟ್ಟರು. “ಎಲಾ ನನ್ನವ್ವಾ! ಕಾಕಾ ಅಲ್ಲ, ಅಜ್ಜಾ ಅನ್ನು,” ಎಂದು ಅದರ ಗಲ್ಲ ಹಿಂಡಿ, ಕುರ್ಚಿ ಸರಿಸಿ, “ಹೋಗವಾ ತಂಗಿ, ಕತ್ತಲೈತಿ, ಸಾವಕಾಶ ಹೋಗು,” ಎಂದು ಅಳಿಯನಾಗುವವನಿಗೆ ದಾರಿ ಬಿಟ್ಟರು.

ಇತ್ತ ಪರದೆ ಎದ್ದಿತು. ಸೆರೆಮನೆಯಲ್ಲಿ ಬರೀ ಸ್ಟೂಲು. ಕಾವಲುಗಾರನ ವೇಷದಲ್ಲಿ ಒಳಹೊಕ್ಕ ನಾನು ಕೈಯಲ್ಲಿ ಕಿರೀಟ, ಬಾಯಲ್ಲಿ ಕರದಂಟು ಇಟ್ಟುಕೊಂಡು ಕಣ್ಣು ಕಣ್ಣು ಬಿಟ್ಟೆ. ಒಂದು ಮಾತೂ ಹೊರಡಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಾಜಕುಮಾರಿ ತಾನೇ ಪಾರಾದಳು, ಬರೀ ಕಿರೀಟ ಉಳಿಯಿತು, ಎಂಥಾ ಕಥೆ ಎಂದು ಊರೆಲ್ಲ ಹೊಗಳಿತು. ಅವಳು ಹೇಗೆ ಪಾರಾದಳೆಂದು ಮುಂದಿನ ಕಂತು ಬರೆಯಲು ಕುಳಿತೆ. ಪಾರ್ವತಿ ಮಾಡಿದ್ದಕ್ಕಿಂತ ಚೆನ್ನಾದದ್ದು ನನಗೆ ಹೊಳೆಯಲೇ ಇಲ್ಲ. ನಾಟಕ ಅಲ್ಲಿಗೇ ನಿಂತಿತು.

ನಿಶ್ಚಯದ ದಿನ ಕನ್ಯೆಯನ್ನು ಕರೆತಂದು ಕೂರಿಸಿದರು. ಅವಳು ಪಾರ್ವತಿಯ ಕಡೆ ಬಗ್ಗಿ ಮೆಲ್ಲಗೆ, “ಅಕ್ಕಾರ, ಕೂಸು ಆರಾಮ ಐತೇನ್ರಿ?” ಎಂದಳು. ಅಂದು ನಾಟಕಕ್ಕೆ ತಂದೆಯ ಜೊತೆ ಅವಳೂ ಬಂದಿದ್ದಳು! ತನ್ನ ಗಂಡನನ್ನು ತಾನೇ ಬಿಡಿಸಿಕೊಂಡ ಆ ಹುಡುಗಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಲಗ್ನದ ಊಟದಲ್ಲಿ ಗೌಡರು ನನ್ನ ಕೈ ಹಿಡಿದು, “ಮಾಸ್ತರ, ಒಂದ ಮಾತು ಕೇಳೋದು ಉಳದೈತಿ. ಆ ರಾಜಕುಮಾರಿ ಕಡೀಕ ಎಲ್ಲಿ ಹೋದ್ಲರಿ?” ಎಂದರು. ಬಾಸಿಂಗ ಕಟ್ಟಿಕೊಂಡ ರಾಜಕುಮಾರಿ ಎದುರಿಗೇ ಕುಳಿತು ಬೆವರುತ್ತಿದ್ದ. ನನ್ನ ಬಾಯಲ್ಲಿ ಅಂದೂ ಕರದಂಟು.

“ಛಲೋ ಮನಿ ಸೇರ್ಯಾಳ್ರಿ ಗೌಡ್ರ. ನೀವೇನ ಕಾಳಜಿ ಮಾಡಬ್ಯಾಡ್ರಿ,” ಎಂದಳು ಪಾರ್ವತಿ. ಗೌಡರಿಗೆ ನಿಜಕ್ಕೂ ಸಮಾಧಾನವಾಯಿತು.

ಮೊನ್ನೆ ಈ ಕಥೆಯನ್ನೆಲ್ಲ ಕೇಳಿದ ಮೊಮ್ಮಗಳು ಟೀವಿಯ ಸದ್ದು ಸಣ್ಣ ಮಾಡಿ, “ಅಜ್ಜಾ, ಅಜ್ಜಿ ಇಷ್ಟೆಲ್ಲಾ ಮಾಡೂಮುಂದ ಗಗನವೀರ ಏನ್ ಮಾಡಿದ?” ಎಂದು ಕೇಳಿದಳು.

ಅವರೆಕಾಯಿಯಿಂದ ತಲೆ ಎತ್ತದೆ ಪಾರ್ವತಿ ಹೇಳಿದಳು: “ಕಿರೀಟ ಹಿಡ್ಕೊಂಡು ನಿಂತಿದ್ರವಾ.”